ನಾಲ್ಕು ಗಂಟೆಯ ಲೆಕ್ಕ



ಬೆಂಗಳೂರಿನಿಂದ ತುಮಕೂರಿಗೆ ಬರುವ ದಾರಿಯಲ್ಲಿ ದಾಬಸ್‌ಪೇಟೆ ದಾಟಿದ ಮೇಲೆ, ಕ್ಯಾತ್ಸಂದ್ರಕ್ಕೆ ಮೊದಲು ಸಿಗುವ ಊರು ಹಿರೇಹಳ್ಳಿ. ಹಲಸು ಬೆಳೆಯುವವರಿಗೆ ಅಲ್ಲಿನ ತೋಟಗಾರಿಕೆ ಸಂಶೋಧನಾ ಕೇಂದ್ರ ಗೊತ್ತು. ಸಿದ್ದು ಹಲಸಿಗೆ ಹೆಸರು ಬಂದದ್ದು ಅಲ್ಲಿಂದ. ಉಳಿದವರಿಗೆ ಹಿರೇಹಳ್ಳಿ ಎಂದರೆ ಕೈಗಾರಿಕಾ ಪ್ರದೇಶ. ಅಲ್ಲಿನ ಕಾರ್ಖಾನೆಗಳಲ್ಲಿ ಪಾಳಿಗೆ ಸಮಯವಿದೆ. ಗೇಟಿನಲ್ಲಿ ಬೆರಳು ಒತ್ತಿದರೆ ಒಳಗೆ ಹೋದ ನಿಮಿಷ, ಹೊರಗೆ ಬಂದ ನಿಮಿಷ ಎರಡೂ ದಾಖಲಾಗುತ್ತವೆ. ಹೆಚ್ಚು ಹೊತ್ತು ದುಡಿಸಿಕೊಂಡು ಓಟಿ ಕೊಡದೇ ಹೋದರೆ ಜಗಳವಾಗುತ್ತದೆ, ನಿಜ. ಆದರೆ ಆ ಜಗಳಕ್ಕೆ ಕೈಯಲ್ಲಿ ಒಂದು ಆಧಾರ ಇರುತ್ತದೆ.

ಅದೇ ಸೀಮೆಯ ಸರ್ಕಾರಿ ಶಾಲೆಗಳಲ್ಲಿ ಮಕ್ಕಳಿಗೆ ಬಿಸಿಯೂಟ ಬೇಯಿಸುವ ಹೆಂಗಸರಿಗೆ ಅಂಥ ಆಧಾರ ಇಲ್ಲ. ಹಾಜರಿ ಪುಸ್ತಕದಲ್ಲಿ ಸಹಿ ಹಾಕುತ್ತಾರೆ. ಎಷ್ಟು ಹೊತ್ತಿಗೆ ಬಂದರು, ಎಷ್ಟು ಹೊತ್ತಿಗೆ ಮನೆಗೆ ಹೋದರು ಎಂಬುದನ್ನು ಯಾರೂ ಬರೆಯುವುದಿಲ್ಲ. ಸರ್ಕಾರದ ಲೆಕ್ಕದಲ್ಲಿ ಅವರದು ದಿನಕ್ಕೆ ನಾಲ್ಕು ಗಂಟೆಯ ಕೆಲಸ. ಆ ನಾಲ್ಕನ್ನು ಆರು ಎಂದು ತಿದ್ದಿ ಎಂಬುದು ಬಿಸಿಯೂಟ ನೌಕರರ ಸಂಘಗಳ ಹಳೆಯ ಬೇಡಿಕೆ. ಸಂಬಳ ಏರಿಸಿ, ಪಿಂಚಣಿ ಕೊಡಿ ಎಂಬ ಬೇಡಿಕೆಗಳು ಪತ್ರಿಕೆಯಲ್ಲಿ ದಪ್ಪ ಅಕ್ಷರದಲ್ಲಿ ಬರುತ್ತವೆ, ಇದು ಪಟ್ಟಿಯ ಕೆಳಗೆಲ್ಲೋ ಇರುತ್ತದೆ. ಈ ಜಿಲ್ಲೆಯ ಶಾಲೆಗಳಲ್ಲಿ ಮೇಷ್ಟ್ರಾಗಿ ಬಾಳಿದ ನನಗೆ ಇದೇ ಎಲ್ಲಕ್ಕಿಂತ ಮುಖ್ಯವಾದ ಬೇಡಿಕೆ ಎನ್ನಿಸುತ್ತದೆ. ಯಾಕೆ ಎಂದು ಹೇಳುವುದಕ್ಕೇ ಇವತ್ತು ನಿಮ್ಮ ಮುಂದೆ ಬಂದಿದ್ದೇನೆ.

ತೊಂಬತ್ತು ಮಕ್ಕಳಿರುವ ಒಂದು ಹಿರಿಯ ಪ್ರಾಥಮಿಕ ಶಾಲೆಯನ್ನು ತೆಗೆದುಕೊಳ್ಳಿ. ನಿಯಮದ ಪ್ರಕಾರ 25 ಮಕ್ಕಳವರೆಗೆ ಅಡುಗೆಗೆ ಒಬ್ಬರು, 26ರಿಂದ 100ರವರೆಗೆ ಇಬ್ಬರು, ಆಮೇಲೆ ಪ್ರತಿ ನೂರಕ್ಕೆ ಒಬ್ಬರು. ಅಲ್ಲಿಗೆ ಇಲ್ಲಿ ಇಬ್ಬರು, ಒಬ್ಬರು ಮುಖ್ಯ ಅಡುಗೆಯವರು, ಇನ್ನೊಬ್ಬರು ಸಹಾಯಕರು. ಮಕ್ಕಳ ಬಾಯಲ್ಲಿ ಇಬ್ಬರೂ ಅಡುಗೆ ಅಕ್ಕಂದಿರು. ಎಂಟೂವರೆ, ಒಂಬತ್ತರ ಹೊತ್ತಿಗೆ ಬಂದು ಅಡುಗೆ ಕೋಣೆಯ ಬೀಗ ತೆಗೆಯುತ್ತಾರೆ. ಕಸ ಗುಡಿಸಿ, ಹಿಂದಿನ ದಿನ ತೊಳೆದು ಮಗುಚಿಟ್ಟ ಪಾತ್ರೆಗಳನ್ನು ಮತ್ತೊಮ್ಮೆ ತೊಳೆಯುತ್ತಾರೆ. ರಾತ್ರಿ ಇಲಿ, ಹಲ್ಲಿ ಓಡಾಡಿರುತ್ತವೆ, ಹಾಗೇ ಒಲೆಗೇರಿಸಲು ಬರುವುದಿಲ್ಲ. ನಲ್ಲಿಯಲ್ಲಿ ನೀರು ಬಾರದ ದಿನ ಬೋರ್‌ವೆಲ್ಲಿನಿಂದಲೋ ಪಕ್ಕದ ತೊಟ್ಟಿಯಿಂದಲೋ ಕೊಡದಲ್ಲಿ ಹೊತ್ತು ತರಬೇಕು.

ಮೊದಲು ಹಾಲು. ತಲೆಗೆ 150 ಮಿಲಿಲೀಟರ್ ಎಂದರೆ ತೊಂಬತ್ತು ಮಕ್ಕಳಿಗೆ ಹದಿಮೂರೂವರೆ ಲೀಟರ್. ಹಾಲಿನ ಪುಡಿಯನ್ನು ಸೀದಾ ಕುದಿಯುವ ನೀರಿಗೆ ಸುರಿದರೆ ಗಂಟು ಕಟ್ಟುತ್ತದೆ. ಬೇರೆ ಪಾತ್ರೆಯಲ್ಲಿ ಉಗುರುಬೆಚ್ಚಗಿನ ನೀರಿಗೆ ಸ್ವಲ್ಪ ಸ್ವಲ್ಪವೇ ಹಾಕಿ ಕದಡಿ, ಆಮೇಲೆ ದೊಡ್ಡ ಪಾತ್ರೆಗೆ ಸೇರಿಸಿ, ಸಕ್ಕರೆ ಹಾಕಿ, ಉಕ್ಕದ ಹಾಗೆ ನೋಡಿಕೊಳ್ಳಬೇಕು. ರಾಗಿ ಮಾಲ್ಟ್ ಇರುವ ದಿನ ಸೌಟಿನಿಂದ ಕೈ ತೆಗೆಯುವ ಹಾಗೇ ಇಲ್ಲ, ಕ್ಷಣ ಬಿಟ್ಟರೆ ತಳ ಹಿಡಿಯುತ್ತದೆ. ಪ್ರಾರ್ಥನೆ ಮುಗಿದು ಮಕ್ಕಳು ಸಾಲಿಗೆ ಬರುವಷ್ಟರಲ್ಲಿ ಅದು ಕುಡಿಯುವಷ್ಟು ಆರಿರಬೇಕು ಕೂಡ. ಮಕ್ಕಳು ಕುಡಿದು ಲೋಟ ಇಟ್ಟು ತರಗತಿಗೆ ಹೋಗುತ್ತಾರೆ.

ಅಷ್ಟರಲ್ಲಿ ಹಾಜರಿ ಎಷ್ಟೆಂದು ಮುಖ್ಯ ಶಿಕ್ಷಕರು ಹೇಳುತ್ತಾರೆ. ಐದನೇ ತರಗತಿವರೆಗೆ ತಲೆಗೆ 100 ಗ್ರಾಂ ಅಕ್ಕಿ, ಆರರಿಂದ ಮೇಲೆ 150 ಗ್ರಾಂ. ಬೇಳೆ 20, 30 ಗ್ರಾಂ. ತರಕಾರಿ 50, 75 ಗ್ರಾಂ. ಹತ್ತು ಕೆಜಿ ಅಕ್ಕಿಯನ್ನು ಮೊರದಲ್ಲಿ ಹಾಕಿ ಕಲ್ಲು, ಹುಳ ಆರಿಸಿ ತೊಳೆಯುವುದು ಒಬ್ಬರಿಗೆ. ಐದಾರು ಕೆಜಿ ತರಕಾರಿ ಹೆಚ್ಚುವುದು ಇನ್ನೊಬ್ಬರಿಗೆ. ಈ ನಡುವೆ ಒಂದು ಒಲೆಯ ಮೇಲೆ ಮೊಟ್ಟೆ ಬೇಯುತ್ತಿರುತ್ತದೆ. ಬೆಂದ ಮೊಟ್ಟೆಯನ್ನು ತಣ್ಣೀರಿಗೆ ಹಾಕಿ ಒಂದೊಂದೇ ಸುಲಿಯಬೇಕು. ಹೊಸ ಮೊಟ್ಟೆಯಾದರೆ ಸಿಪ್ಪೆ ಬಿಳಿಯ ಭಾಗವನ್ನೂ ಕಿತ್ತುಕೊಂಡು ಬರುತ್ತದೆ, ಹುಷಾರಾಗಿ ಬಿಡಿಸಬೇಕು. ಹರಿದ ಮೊಟ್ಟೆ ಕೊಟ್ಟರೆ ಮಕ್ಕಳು ಒಲ್ಲೆ ಎನ್ನುತ್ತಾರೆ.

ಅಡುಗೆಯಾದ ಮೇಲೆ ಶಿಕ್ಷಕರು ರುಚಿ ನೋಡಿ ಪುಸ್ತಕದಲ್ಲಿ ಬರೆಯಬೇಕು, ಆಮೇಲೆ ಬಡಿಸಬೇಕು. ಎಲ್ಲ ಮಕ್ಕಳ ಊಟವಾಗಿ, ಜಗಲಿ ಗುಡಿಸಿ ಒರೆಸಿ, ಅನ್ನದ ಡಬರಿ, ಸಾಂಬಾರಿನ ಪಾತ್ರೆ, ಹಾಲಿನ ಪಾತ್ರೆ ಉಜ್ಜಿ ಬೋರಲು ಹಾಕುವ ಹೊತ್ತಿಗೆ ಗಡಿಯಾರ ಮೂರು ದಾಟಿರುತ್ತದೆ, ಕೆಲವು ದಿನ ಮೂರೂವರೆ. ಎಂಟೂವರೆಯಿಂದ ಮೂರಕ್ಕೆ ಆರೂವರೆ ಗಂಟೆ. ಮಧ್ಯೆ ತಾವು ಉಣ್ಣಲು ಕೂತ ಹತ್ತು ನಿಮಿಷವನ್ನು ಕಳೆಯಬೇಕೆನ್ನುವವರು ಕಳೆದುಕೊಳ್ಳಲಿ.

ಹಾಲು ಕಾಯಿಸಿದ್ದು, ಮೊಟ್ಟೆ ಸುಲಿದದ್ದು, ಪಾತ್ರೆ ಉಜ್ಜಿದ್ದು ಯಾವ ನಾಲ್ಕು ಗಂಟೆಯೊಳಗೆ ಬರುತ್ತದೆ ಎಂದು ಅಡುಗೆ ಅಕ್ಕಂದಿರು ಕೇಳಿದರೆ ನಮ್ಮ ಹತ್ತಿರ ಏನು ಉತ್ತರವಿದೆ?

ಈ ಕೆಲಸ ಹೇಗೆ ಬೆಳೆಯಿತು ಎಂಬುದನ್ನು ಸ್ವಲ್ಪ ನೋಡೋಣ. ಶಾಲೆಗಳಲ್ಲಿ ಬೇಯಿಸಿದ ಊಟವನ್ನೇ ಕೊಡಬೇಕೆಂದು ಸುಪ್ರೀಂ ಕೋರ್ಟ್ ಆದೇಶ ಮಾಡಿದ್ದು 2001ರ ನವೆಂಬರ್ 28ರಂದು. ನಮ್ಮ ರಾಜ್ಯದಲ್ಲಿ 2002ರ ಜೂನ್‌ನಲ್ಲಿ ಉತ್ತರದ ಏಳು ಜಿಲ್ಲೆಗಳಲ್ಲಿ ಅಕ್ಷರ ದಾಸೋಹ ಎಂಬ ಬಿಸಿಯೂಟದ ಯೋಜನೆ ಶುರುವಾಯಿತು, ಮುಂದಿನ ವರ್ಷ ನಮ್ಮ ಕಡೆಗೂ ಬಂತು. ಮೊದಲು ಐದನೇ ತರಗತಿವರೆಗೆ ಇದ್ದದ್ದು ಮುಂದೆ ಹತ್ತರವರೆಗೂ ಹೋಯಿತು. ಆಗ ಕೆಲಸವೆಂದರೆ ಅನ್ನ, ಸಾಂಬಾರು. 2013ರ ಆಗಸ್ಟ್ 1ರಂದು ಕ್ಷೀರಭಾಗ್ಯ ಬಂತು, ವಾರಕ್ಕೆ ಮೂರು ದಿನ ಹಾಲು. 2017ರಲ್ಲಿ ಅದು ಐದು ದಿನವಾಯಿತು. 2021ರ ಕೊನೆಗೆ ಕಲ್ಯಾಣ ಕರ್ನಾಟಕದ ಕಡೆ ಮೊಟ್ಟೆ ಶುರುವಾಗಿ, ಮರುವರ್ಷ ರಾಜ್ಯಕ್ಕೆಲ್ಲ ಹಬ್ಬಿತು. 2024ರ ಫೆಬ್ರವರಿಯಲ್ಲಿ ವಾರಕ್ಕೆ ಮೂರು ದಿನ ರಾಗಿ ಮಾಲ್ಟ್ ಸೇರಿತು. ಅಜೀಂ ಪ್ರೇಮ್‌ಜಿ ಫೌಂಡೇಷನ್ ಮೂರು ವರ್ಷಕ್ಕೆ 1,500 ಕೋಟಿ ರೂಪಾಯಿ ಕೊಡಲು ಒಪ್ಪಿದ ಮೇಲೆ, ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಮೊಟ್ಟೆ ವಾರದ ಆರೂ ದಿನಕ್ಕೆ ಬಂತು.

ಇದರಲ್ಲಿ ಒಂದನ್ನೂ ನಾನು ಬೇಡ ಎನ್ನುವುದಿಲ್ಲ. ಬೆಳಗ್ಗೆ ಬರಿ ಹೊಟ್ಟೆಯಲ್ಲಿ ಬಂದ ಮಗು ಪ್ರಾರ್ಥನೆಯಲ್ಲಿ ತಲೆಸುತ್ತಿ ಕೂರುವುದನ್ನು ಕಂಡ ಯಾವ ಮೇಷ್ಟ್ರೂ ಹಾಲು ಬೇಡ ಎನ್ನಲಾರರು. ಮೊಟ್ಟೆಯಂತೂ ಬರಲೇಬೇಕಿತ್ತು. ನನ್ನ ಮಾತು ಬೇರೆ. ಈ ಒಂದೊಂದು ಆದೇಶದಲ್ಲೂ ಎಷ್ಟು ಗ್ರಾಂ, ಎಷ್ಟು ಮಿಲಿಲೀಟರ್, ಎಷ್ಟು ಕ್ಯಾಲೊರಿ ಎಂದು ಬರೆದಿದ್ದಾರೆ. ಇದನ್ನು ಬೇಯಿಸುವವರಿಗೆ ಎಷ್ಟು ನಿಮಿಷ ಹೆಚ್ಚಾಗುತ್ತದೆ ಎಂದು ಲೆಕ್ಕ ಹಾಕಿದ ಸಾಲನ್ನು ನಾನು ಕಂಡಿಲ್ಲ. ತಟ್ಟೆಗೆ ಒಂದೊಂದೇ ಸೇರುತ್ತಾ ಹೋಯಿತು, ಹೊತ್ತು ಮಾತ್ರ ಪುಸ್ತಕದಲ್ಲಿ ನಾಲ್ಕೇ ಗಂಟೆಗೆ ನಿಂತಿತು.

ಒಂದೇ ಒಂದು ಕಡೆ ಅವರ ದುಡಿಮೆಗೆ ಪ್ರತ್ಯೇಕವಾಗಿ ಬೆಲೆ ಕಟ್ಟಿದ್ದಾರೆ. ಒಂದು ಮೊಟ್ಟೆಗೆಂದು ಇಟ್ಟ 6 ರೂಪಾಯಿಯಲ್ಲಿ ಸುಲಿಯುವ ಕೂಲಿ 30 ಪೈಸೆ. ಎಂಬತ್ತು ಮೊಟ್ಟೆ ಸುಲಿದರೆ 24 ರೂಪಾಯಿ, ಇಬ್ಬರು ಹಂಚಿಕೊಂಡರೆ ತಲಾ 12. ಹಿರೇಹಳ್ಳಿ ಹೆದ್ದಾರಿಯ ಹೋಟೆಲಿನಲ್ಲಿ ಆ ದುಡ್ಡಿಗೆ ಒಂದು ಲೋಟ ಕಾಫಿ ಬಂದರೆ ಹೆಚ್ಚು.

ಈಗ ಸಂಬಳದ ವಿಷಯ. ಕೇಂದ್ರ ಸರ್ಕಾರ ಅಡುಗೆಯವರಿಗೆ ತಿಂಗಳಿಗೆ 1,000 ರೂಪಾಯಿ ಎಂದು ಗೊತ್ತು ಮಾಡಿದ್ದು 2009ರಲ್ಲಿ, ಅದೂ ವರ್ಷಕ್ಕೆ ಹತ್ತು ತಿಂಗಳು ಮಾತ್ರ. ಅದರಲ್ಲಿ ಈಗ ಕೇಂದ್ರದ ಪಾಲು 600, ಉಳಿದ 400 ರಾಜ್ಯದ್ದು. ಅಲ್ಲಿಂದ ಇಲ್ಲಿಗೆ ಅಕ್ಕಿ, ಬೇಳೆ, ಬಸ್ ಚಾರ್ಜು, ಮನೆ ಬಾಡಿಗೆ ಎಲ್ಲ ಎಲ್ಲೆಲ್ಲಿಗೋ ಏರಿದರೂ ಆ ಸಾವಿರ ಕದಲಲಿಲ್ಲ. ಏರಿದ್ದೆಲ್ಲ ರಾಜ್ಯ ಸರ್ಕಾರ ಸೇರಿಸಿದ್ದು, ಅದೂ ನೌಕರರು ಬೀದಿಗೆ ಬಂದು ಕೂತ ಮೇಲೆ. 2022ರ ಬಜೆಟ್‌ನಲ್ಲಿ ಒಂದು ಸಾವಿರ ಏರಿ ಮುಖ್ಯ ಅಡುಗೆಯವರಿಗೆ 3,700, ಸಹಾಯಕರಿಗೆ 3,600 ಆಯಿತು. 2025ರ ಬಜೆಟ್‌ನಲ್ಲಿ ಇನ್ನೊಂದು ಸಾವಿರದ ಘೋಷಣೆಯಾಯಿತು. ಅಲ್ಲಿಗೆ 4,700 ಮತ್ತು 4,600.

ಈಗ ನನ್ನ ಜೊತೆ ಒಂದು ಲೆಕ್ಕ ಹಾಕಿ. ತಿಂಗಳಿಗೆ 26 ದಿನ ಎಂದು ಹಿಡಿದರೆ 4,600 ರೂಪಾಯಿ ದಿನಕ್ಕೆ 177 ರೂಪಾಯಿ ಬೀಳುತ್ತದೆ. ನಾಲ್ಕು ಗಂಟೆಯಿಂದ ಭಾಗಿಸಿದರೆ ಗಂಟೆಗೆ 44. ಇನ್ನು, 2025-26ಕ್ಕೆ ನಮ್ಮ ರಾಜ್ಯದಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ 370 ರೂಪಾಯಿ ಇತ್ತು. ಎಂಟು ಗಂಟೆಯ ಲೆಕ್ಕದಲ್ಲಿ ಗಂಟೆಗೆ 46. ನೋಡಿ, 44 ಮತ್ತು 46! ಕಾಗದದ ಮೇಲೆ ನೋಡಿದವರಿಗೆ ಅನ್ಯಾಯವೇ ಕಾಣುವುದಿಲ್ಲ. ಅರ್ಧ ದಿನದ ಕೆಲಸ, ಅರ್ಧ ದಿನದ ಕೂಲಿ, ಸರಿಯಾಗೇ ಇದೆಯಲ್ಲ ಎನ್ನುತ್ತಾರೆ. ಅದೇ 177ನ್ನು ನಿಜವಾಗಿ ದುಡಿದ ಆರೂವರೆ ಗಂಟೆಯಿಂದ ಭಾಗಿಸಿ. ಗಂಟೆಗೆ 27 ರೂಪಾಯಿ.

ನಾಲ್ಕು ಎಂಬ ಅಂಕಿ ಅಷ್ಟು ಕೆಲಸ ಮಾಡುತ್ತಿದೆ. ಸಂಬಳ ಕಡಿಮೆ ಎಂದರೆ ನಿಮ್ಮದು ಅರೆಕಾಲಿಕ ಎನ್ನುತ್ತಾರೆ. ಕನಿಷ್ಠ ವೇತನ ಕೇಳಿದರೆ ಇದು ವೇತನವಲ್ಲ, ಗೌರವಧನ ಎನ್ನುತ್ತಾರೆ. ಪಿಂಚಣಿ ಕೇಳಿದರೂ ಅದೇ ಉತ್ತರ. ಅರವತ್ತು ತುಂಬಿದ ದಿನ ಮಾತ್ರ ನೌಕರಿಯ ನಿಯಮ ನೆನಪಾಗಿ ಮನೆಗೆ ಕಳಿಸುತ್ತಾರೆ. ಹದಿನೆಂಟು, ಇಪ್ಪತ್ತು ವರ್ಷ ಒಲೆ ಮುಂದೆ ನಿಂತು ಕಣ್ಣಿಗೆ ಪೊರೆ ಬಂದ ಮೇಲೆ ಪಿಂಚಣಿಯಿಲ್ಲದೆ ಹೋಗಿ ಎಂದರೆ ಎಲ್ಲಿಗೆ ಹೋಗಬೇಕು? ಇಡಿಗಂಟು ಕೊಡಿ, ಪಿಂಚಣಿ ಕೊಡಿ, ಕೊಡುವ ತನಕ ಬಿಡಿಸಬೇಡಿ ಎಂದು ಸಿಐಟಿಯು ಜೊತೆಗಿರುವ ಅಕ್ಷರ ದಾಸೋಹ ನೌಕರರ ಸಂಘ, ಎಐಟಿಯುಸಿ ಜೊತೆಗಿರುವ ಬಿಸಿಯೂಟ ತಯಾರಕರ ಫೆಡರೇಷನ್ ಎರಡೂ ಹೋರಾಡುತ್ತಾ ಬಂದಿವೆ.

ಇನ್ನು ಕೆಲಸದ ಭರವಸೆ ಎಂಥದ್ದು? ಏಪ್ರಿಲ್, ಮೇ ಎರಡು ತಿಂಗಳು ಸಂಬಳವಿಲ್ಲ. ಜೂನ್‌ನಲ್ಲಿ ಶಾಲೆ ತೆರೆದರೂ ದುಡ್ಡು ಕೈಗೆ ಬರಲು ಎಷ್ಟೋ ಸಲ ಎರಡು ಮೂರು ತಿಂಗಳು ಹಿಡಿಯುತ್ತದೆ. ತಿಂಗಳ ಮೊದಲ ವಾರದಲ್ಲಿ ಸಂಬಳ ಹಾಕಿ ಎನ್ನುವುದೇ ಒಂದು ಹೋರಾಟದ ಬೇಡಿಕೆಯಾಗಿದೆ ಎಂದರೆ ಪರಿಸ್ಥಿತಿ ತಿಳಿಯುತ್ತದೆ. 2023ರಲ್ಲಿ ಮಳೆ ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವಾದಾಗ, ಮುಂದಿನ ಬೇಸಿಗೆ ರಜೆಯಲ್ಲೂ ಬಿಸಿಯೂಟ ಕೊಡಬೇಕೆಂದಾಯಿತು. ಒಳ್ಳೆಯ ತೀರ್ಮಾನವೇ. ಆದರೆ ಆ ರಜೆಯಲ್ಲಿ ಕೂಲಿಗೆ ಹೋಗಿ ವರ್ಷದ ಸಾಲ ತೀರಿಸಿಕೊಳ್ಳುವ ಹೆಂಗಸಿಗೆ ಕರೆ ಬಂದ ದಿನ ಹೋಗಲೇಬೇಕು, ಬಾರದ ವರ್ಷ ಬೇರೆ ದುಡಿಮೆ ಹುಡುಕಿಕೊಳ್ಳಬೇಕು.

ಇನ್ನೊಂದು ಭಯ ಎಲ್ಲಕ್ಕಿಂತ ದೊಡ್ಡದು. ಹಿರೇಹಳ್ಳಿ ಸುತ್ತಮುತ್ತ, ಗುಬ್ಬಿ, ಕುಣಿಗಲ್ ಕಡೆಯ ಹಳ್ಳಿಗಳಲ್ಲಿ ಬೆಳಗ್ಗೆ ಎಂಟಕ್ಕೆ ನಿಂತು ನೋಡಿ, ಕಾನ್ವೆಂಟ್ ಶಾಲೆಗಳ ಹಳದಿ ವ್ಯಾನುಗಳು ಒಂದರ ಹಿಂದೆ ಒಂದು ಬರುತ್ತವೆ. ಸರ್ಕಾರಿ ಶಾಲೆಯಲ್ಲಿ 27 ಮಕ್ಕಳಿದ್ದಾಗ ಅಡುಗೆಗೆ ಇಬ್ಬರು. ಮೂವರು ಮಕ್ಕಳು ವ್ಯಾನು ಹತ್ತಿ ಸಂಖ್ಯೆ 24ಕ್ಕೆ ಇಳಿದರೆ ಒಬ್ಬರ ಕೆಲಸ ಹೋಗುತ್ತದೆ. ಅವರ ಕೆಲಸದಲ್ಲಿ ತಪ್ಪೇನೂ ಇರಬೇಕಾಗಿಲ್ಲ. ಮಕ್ಕಳ ದಾಖಲಾತಿಗಾಗಿ ಜೂನ್ ತಿಂಗಳಲ್ಲಿ ಮೇಷ್ಟ್ರುಗಳಿಗಿಂತ ಹೆಚ್ಚು ಮನೆ ಸುತ್ತುವವರು ಅಡುಗೆ ಅಕ್ಕಂದಿರು. ಅದನ್ನೂ ಯಾವ ಗಂಟೆಗೂ ಸೇರಿಸಿಲ್ಲ.

ಈ ಕೆಲಸಕ್ಕೆ ಬಂದವರು ಯಾರು ಎಂಬುದನ್ನೂ ಹೇಳಬೇಕು. ಊರಿನ ಬಡ ಹೆಂಗಸರು, ಗಂಡ ತೀರಿಕೊಂಡವರು, ಗಂಡ ಬಿಟ್ಟುಹೋದವರು. ಅಡುಗೆಯವರ ನೇಮಕದಲ್ಲಿ ದಲಿತರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದ್ಯತೆ ಇರಬೇಕೆಂದು 2004ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ಎಲ್ಲ ಜಾತಿಯ ಮಕ್ಕಳು ಒಂದೇ ಪಂಕ್ತಿಯಲ್ಲಿ ಕೂತು ದಲಿತ ತಾಯಿಯ ಕೈಯಡುಗೆ ಉಣ್ಣುವುದು ಈ ಯೋಜನೆಯ ದೊಡ್ಡ ಸಾಧನೆ. ಆದರೂ 2025ರ ಜೂನ್‌ನಲ್ಲಿ ಚಾಮರಾಜನಗರ ಜಿಲ್ಲೆಯ ಹೊಮ್ಮ ಗ್ರಾಮದಲ್ಲಿ ಅಡುಗೆಗೆ ದಲಿತ ಮಹಿಳೆ ಬಂದರೆಂದು ಪೋಷಕರು ಮಕ್ಕಳನ್ನು ಶಾಲೆ ಬಿಡಿಸಿದ ಸುದ್ದಿ ಓದಿ ನನಗೆ ಎರಡು ದಿನ ಮನಸ್ಸಿಗೆ ಸಮಾಧಾನವಿರಲಿಲ್ಲ. ಇಂಥ ಅವಮಾನವನ್ನೂ ತಡೆದುಕೊಂಡು ಮರುದಿನ ಒಲೆ ಹಚ್ಚುವವರಿಗೆ ನಾವು ಗಂಟೆಗೆ 27 ರೂಪಾಯಿ ಕೊಡುತ್ತಿದ್ದೇವೆ.

ಹೋರಾಟದಿಂದ ಏನಾದರೂ ಆಗುತ್ತದೆಯೇ ಎಂದು ಕೇಳುವವರಿದ್ದಾರೆ. ಆಗಿದೆ. ಅಂಗನವಾಡಿ ನೌಕರರನ್ನು ನೋಡಿ. 2017ರ ಮಾರ್ಚ್‌ನಲ್ಲಿ ಅವರು ಬೆಂಗಳೂರಿನಲ್ಲಿ ಹಗಲೂ ರಾತ್ರಿ ರಸ್ತೆಯಲ್ಲೇ ಕೂತರು. 2019ರ ಡಿಸೆಂಬರ್‌ನಲ್ಲಿ ನಮ್ಮ ತುಮಕೂರಿನಿಂದಲೇ ಬೆಂಗಳೂರಿಗೆ ಪಾದಯಾತ್ರೆ ಹೊರಡಲು ಸೇರಿದರು. ಪೊಲೀಸರು ಅನುಮತಿ ಕೊಡಲಿಲ್ಲ. 2022ರ ಏಪ್ರಿಲ್ 25ರಂದು ಗುಜರಾತಿನ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಅಂಗನವಾಡಿಯವರಿಗೆ 1972ರ ಗ್ರಾಚ್ಯುಟಿ ಕಾಯ್ದೆ ಅನ್ವಯಿಸುತ್ತದೆ ಎಂದಿತು. 2023ರ ಜನವರಿಯ ಚಳಿಯಲ್ಲಿ ಫ್ರೀಡಂ ಪಾರ್ಕ್‌ನಲ್ಲಿ ಮಲಗಿ ಹೋರಾಡಿದ ಮೇಲೆ ನಮ್ಮ ರಾಜ್ಯವೂ ಗ್ರಾಚ್ಯುಟಿ ಕೊಡಲು ಒಪ್ಪಿತು. ಆ ತೀರ್ಪಿನಲ್ಲಿ ನ್ಯಾಯಾಲಯ ಅಂಗನವಾಡಿಯವರು ನಿಜಕ್ಕೂ ಮಾಡುವ ಕೆಲಸವನ್ನು ನೋಡಿತು. ಕಾಗದದಲ್ಲಿ ಅವರನ್ನು ಗೌರವಧನದವರು ಎಂದು ಕರೆದದ್ದನ್ನೇ ಕೊನೆಯ ಮಾತಾಗಿ ಒಪ್ಪಿಕೊಳ್ಳಲಿಲ್ಲ. ಬಿಸಿಯೂಟದವರಿಗೂ ಬೇಕಾಗಿರುವುದು ಅಷ್ಟೇ. ಅವರ ವಿಷಯದಲ್ಲೂ ಅಲಹಾಬಾದ್ ಹೈಕೋರ್ಟ್ 2020ರ ಡಿಸೆಂಬರ್‌ನಲ್ಲಿ ತಿಂಗಳಿಗೆ ಸಾವಿರ ರೂಪಾಯಿ ಕೊಟ್ಟು ದುಡಿಸಿಕೊಳ್ಳುವುದು ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆ ಎಂದು ಹೇಳಿದೆ. ಅದಕ್ಕೂ ಮೊದಲು 2013ರಲ್ಲೇ 45ನೇ ಭಾರತೀಯ ಕಾರ್ಮಿಕ ಸಮ್ಮೇಳನ ಇವರನ್ನು ಕಾರ್ಮಿಕರೆಂದು ಒಪ್ಪಿ ಕನಿಷ್ಠ ವೇತನ ಕೊಡಿ ಎಂದು ಶಿಫಾರಸು ಮಾಡಿತ್ತು.

ಪಕ್ಕದ ರಾಜ್ಯಗಳಲ್ಲಿ ದಾರಿ ಇದೆ. ತಮಿಳುನಾಡಿನಲ್ಲಿ 1982ರಲ್ಲಿ ಎಂಜಿಆರ್ ಊಟದ ಯೋಜನೆಯನ್ನು ರಾಜ್ಯಕ್ಕೆಲ್ಲ ಹರಡಿದರು. ಈಗ ಅಲ್ಲಿ ಅಡುಗೆಯವರಿಗೆ ವೇತನ ಶ್ರೇಣಿ ಇದೆ, ಚಿಕ್ಕದಾದರೂ ಪಿಂಚಣಿ ಇದೆ. ಕೇರಳದಲ್ಲಿ ದಿನದ ಲೆಕ್ಕದಲ್ಲಿ ಕೊಡುವುದೇ 600 ರೂಪಾಯಿಗೂ ಮೇಲೆ. ಕೇಂದ್ರ ತಿಂಗಳಿಗೆ ಕೊಡುವ 600 ಅವರಿಗೂ ಅಷ್ಟೇ, ನಮಗೂ ಅಷ್ಟೇ.

ಶಾಲೆಯಿಂದ ಹೆದ್ದಾರಿಗೆ ಬಂದರೆ ಹೋಟೆಲುಗಳ ಸಾಲು. ಅಲ್ಲಿನ ಸಪ್ಲೈಯರ್, ಕ್ಲೀನರ್ ಹುಡುಗರ ಹೊತ್ತಿನ ಕಷ್ಟ ಇನ್ನೊಂದು ಥರ. ಬೆಳಗ್ಗೆ ಆರರಿಂದ ಹನ್ನೊಂದು, ಮತ್ತೆ ಸಂಜೆ ನಾಲ್ಕರಿಂದ ಹತ್ತು. ನಡುವಿನ ಹೊತ್ತಿನಲ್ಲಿ ಮನೆಗೆ ಹೋಗಲು ಮನೆ ಹತ್ತಿರವಿಲ್ಲ, ಮಲಗಲು ಜಾಗವಿಲ್ಲ. ಒಟ್ಟು ಹನ್ನೊಂದು ಗಂಟೆ ದುಡಿತ, ಆದರೆ ದಿನದ ಹದಿನಾರು ಗಂಟೆ ಹೋಟೆಲಿಗೇ ಅಂಟಿಕೊಂಡಿರಬೇಕು. 1961ರ ನಮ್ಮ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಇದನ್ನು ಚೆನ್ನಾಗಿ ಅರ್ಥ ಮಾಡಿಕೊಂಡಿದೆ. ದಿನಕ್ಕೆ ಒಂಬತ್ತು ಗಂಟೆ, ವಾರಕ್ಕೆ 48 ಗಂಟೆ, ಮೇಲಿನದಕ್ಕೆ ಎರಡು ಪಟ್ಟು ಕೂಲಿ, ವಾರಕ್ಕೊಂದು ಪೂರ್ತಿ ರಜೆ ಎನ್ನುವುದಲ್ಲದೆ, ಬಿಡುವೂ ಸೇರಿ ದಿನದ ಕೆಲಸ ಹನ್ನೆರಡು ಗಂಟೆಗಿಂತ ಹೆಚ್ಚು ಹರಡಿಕೊಳ್ಳಬಾರದು ಎಂದೂ ಹೇಳುತ್ತದೆ. ಅಷ್ಟು ವಿವರವಾಗಿ ಬರೆದ ಕಾನೂನನ್ನು ಕೇಳಲು ಒಡಿಶಾ, ಅಸ್ಸಾಮಿನಿಂದ ಬಂದು ಹೋಟೆಲಿನ ಹಿಂದೆಯೇ ಮಲಗುವ ಹುಡುಗನಿಗೆ ಭಾಷೆಯೂ ಇಲ್ಲ, ಸಂಘವೂ ಇಲ್ಲ.

ಹೊತ್ತನ್ನು ಮೊದಲೇ ಬರೆದು ಕೊಡಿ ಎಂಬ ಹೋರಾಟ ದೂರದ ಊರುಗಳಲ್ಲೂ ನಡೆದಿದೆ. 2012ರ ನವೆಂಬರ್ 29ರಂದು ನ್ಯೂಯಾರ್ಕ್‌ನ ಫಾಸ್ಟ್‌ಫುಡ್ ಅಂಗಡಿಗಳ ಕೆಲಸಗಾರರು ಗಂಟೆಗೆ 15 ಡಾಲರ್ ಕೊಡಿ ಎಂದು ಕೆಲಸ ಬಿಟ್ಟು ಹೊರಬಂದರು. ನಾಳೆ ಕೆಲಸ ಇದೆಯೋ ಇಲ್ಲವೋ, ಎಷ್ಟು ಗಂಟೆಯೋ ಎಂಬುದು ಹಿಂದಿನ ರಾತ್ರಿವರೆಗೆ ಗೊತ್ತಿರದ ಜನ ಅವರು. ಐದು ವರ್ಷದ ನಂತರ, 2017ರ ನವೆಂಬರ್‌ನಲ್ಲಿ, ಅದೇ ನಗರದಲ್ಲಿ ಕಾನೂನು ಜಾರಿಗೆ ಬಂತು. ಯಾವ ದಿನ ಎಷ್ಟು ಗಂಟೆ ಕೆಲಸ ಎಂಬುದನ್ನು 14 ದಿನ ಮೊದಲೇ ಬರೆದು ಕೊಡಬೇಕು. ಆಮೇಲೆ ಬದಲಾಯಿಸಿದರೆ ಹೆಚ್ಚುವರಿ ಹಣ ಕೊಡಬೇಕು. ರಾತ್ರಿ ಅಂಗಡಿ ಮುಚ್ಚಿದವರನ್ನೇ ಹನ್ನೊಂದು ಗಂಟೆಯ ಬಿಡುವಿಲ್ಲದೆ ಬೆಳಗ್ಗೆ ತೆರೆಯಲು ಕರೆಯಬೇಕಾದರೆ ಅವರು ಒಪ್ಪಬೇಕು, 100 ಡಾಲರ್ ಮೇಲೆ ಕೊಡಬೇಕು. ನಮ್ಮ ರಾಜ್ಯವೂ 2025ರಲ್ಲಿ ಸ್ವಿಗ್ಗಿ, ಝೊಮ್ಯಾಟೊದಂಥ ಆಪ್‌ಗಳಿಗೆ ದುಡಿಯುವ ಗಿಗ್ ಕಾರ್ಮಿಕರಿಗಾಗಿ ಕಾನೂನು ಮಾಡಿತು. ಕರಾರಿನ ಷರತ್ತು ಬದಲಾಯಿಸುವುದಾದರೆ 14 ದಿನ ಮೊದಲು ತಿಳಿಸಬೇಕೆಂದು ಅದರಲ್ಲೂ ಇದೆ. ಊಟ ತಲುಪಿಸುವ ಹುಡುಗನಿಗೆ ಇಷ್ಟಾದರೂ ಸಿಕ್ಕಿತಲ್ಲ ಎಂದು ನನಗೆ ಸಂತೋಷ. ಅದೇ ರಾಜ್ಯ ಸರ್ಕಾರದ ಸ್ವಂತ ಶಾಲೆಗಳಲ್ಲಿ ಊಟ ಬೇಯಿಸುವ ಒಂದು ಲಕ್ಷಕ್ಕೂ ಹೆಚ್ಚು ಹೆಂಗಸರಿಗೆ ಇಷ್ಟೂ ಇಲ್ಲ.

ಇದು ಸೇವೆ, ಇದಕ್ಕೆ ಗಂಟೆ ಲೆಕ್ಕ ಹಾಕಬಾರದು ಎಂದು ಹೇಳುವ ಹಿರಿಯರಿದ್ದಾರೆ. ಸಿದ್ಧಗಂಗಾ ಮಠದ ನೆಲ ನಮ್ಮದು. ಸಾವಿರಾರು ಮಕ್ಕಳಿಗೆ ಆ ಮಠದಲ್ಲಿ ದಿನವೂ ಅನ್ನವಿದೆ, ಅದಕ್ಕೆ ನಾನು ಕೈ ಮುಗಿಯುತ್ತೇನೆ. ಮಠದಲ್ಲಿ ಸೌಟು ಹಿಡಿಯುವ ಭಕ್ತ ತನ್ನ ಹೊತ್ತನ್ನು ತಾನೇ ಇಷ್ಟಪಟ್ಟು ಒಪ್ಪಿಸುತ್ತಾನೆ, ಬೇಕಾದಾಗ ಮನೆಗೆ ಹೋಗುತ್ತಾನೆ. ಸರ್ಕಾರವೇ ನೇಮಿಸಿ, ಒಂದು ದಿನ ಬಾರದಿದ್ದರೆ ಕಾರಣ ಕೇಳಿ, ಬದಲಿ ಆಳನ್ನು ಅವರೇ ಹುಡುಕಿ ತರಬೇಕೆಂದು ಹೇಳುವ ಕೆಲಸ ನೌಕರಿಯೇ. ಸೇವೆಯ ಹೆಸರಲ್ಲಿ ಬಡವರ ಮನೆಯ ಹೆಣ್ಣುಮಕ್ಕಳ ಹೊತ್ತನ್ನು ಬಿಟ್ಟಿ ತೆಗೆದುಕೊಳ್ಳುವುದನ್ನು ನಾನು ಒಪ್ಪಲಾರೆ.

ದುಡ್ಡೆಲ್ಲಿದೆ ಎನ್ನುವವರಿಗೂ ಒಂದು ಮಾತು. ಒಂದು ಲಕ್ಷ ಮಂದಿಗೆ ತಿಂಗಳಿಗೆ ಸಾವಿರ ಏರಿಸಿದರೆ ಹತ್ತು ತಿಂಗಳಿಗೆ ನೂರು ಕೋಟಿ. ಮೊಟ್ಟೆಗೆ ಫೌಂಡೇಷನ್ ಒಂದೇ ವರ್ಷಕ್ಕೆ 500 ಕೋಟಿ ಹೊಂದಿಸಿತು. ಮೊಟ್ಟೆ ತರುವ ದಾರಿ ಹುಡುಕಿದ ಹಾಗೆ ಅದನ್ನು ಬೇಯಿಸಿ ಸುಲಿಯುವ ಕೈಗಳಿಗೂ ದಾರಿ ಹುಡುಕಬೇಕು. ಕೇಂದ್ರವಂತೂ 2009ರ ಸಾವಿರವನ್ನು ಇನ್ನೂ ಹಿಡಿದುಕೊಂಡು ಕೂರುವುದು ನಾಚಿಕೆಯ ವಿಷಯ.

ಸರ್ಕಾರ ಮಾಡುವ ತನಕ ಊರಿನವರು ಕಾಯಬೇಕಾಗಿಲ್ಲ. ನಿಮ್ಮ ಊರ ಶಾಲೆಯ ಅಭಿವೃದ್ಧಿ ಸಮಿತಿಯಾದ ಎಸ್‌ಡಿಎಂಸಿಯಲ್ಲಿ ನೀವು ಸದಸ್ಯರಾಗಿದ್ದರೆ, ಅಥವಾ ನಿಮ್ಮ ಮಗು ಆ ಊಟ ಉಣ್ಣುತ್ತಿದ್ದರೆ, ಮುಂದಿನ ಸಭೆಯಲ್ಲಿ ಒಂದು ವಿಷಯ ಎತ್ತಿ. ಅಡುಗೆಯವರ ಹಾಜರಿ ಪುಸ್ತಕದಲ್ಲಿ ಸಹಿಯ ಪಕ್ಕ ಎರಡು ಗೆರೆ ಎಳೆಸಿ, ಬಂದ ಹೊತ್ತಿಗೊಂದು, ಪಾತ್ರೆ ತೊಳೆದಿಟ್ಟು ಹೊರಟ ಹೊತ್ತಿಗೊಂದು. ಹಾಲಿನ ದಿನ, ರಾಗಿ ಮಾಲ್ಟಿನ ದಿನ, ಸಿಲಿಂಡರ್ ಖಾಲಿಯಾಗಿ ಸೌದೆ ಒಲೆ ಹಚ್ಚಿದ ದಿನ ಯಾವುದೆಂದೂ ಬರೆಸಿ. ಒಂದು ತಿಂಗಳು ಬಿಡದೆ ಬರೆದು, ಅಧ್ಯಕ್ಷರು ಮತ್ತು ಮುಖ್ಯ ಶಿಕ್ಷಕರ ಸಹಿ ಹಾಕಿಸಿ, ಒಂದು ಪ್ರತಿಯನ್ನು ತಾಲ್ಲೂಕು ಪಂಚಾಯಿತಿಯಲ್ಲಿ ಅಕ್ಷರ ದಾಸೋಹ ನೋಡಿಕೊಳ್ಳುವ ಸಹಾಯಕ ನಿರ್ದೇಶಕರಿಗೆ ಕಳಿಸಿ. ಇನ್ನೊಂದನ್ನು ಅಡುಗೆ ಅಕ್ಕಂದಿರ ಸಂಘಕ್ಕೆ ಕೊಡಿ. ಸಂಘದವರು ಮುಂದಿನ ಸಲ ಬೆಂಗಳೂರಿಗೆ ಹೋಗುವಾಗ ಗುಬ್ಬಿ, ಕುಣಿಗಲ್, ತುಮಕೂರು ತಾಲ್ಲೂಕುಗಳ ಈ ಹಾಳೆಗಳನ್ನು ತಮ್ಮ ಮನವಿ ಪತ್ರದ ಜೊತೆ ಮೇಜಿನ ಮೇಲೆ ಇಡಲಿ.